ರಕ್ತ ಕೊಟ್ಟರೆ ಮೈಯೊಳಗಿನ ‘ಫಾರೆವರ್ ಕೆಮಿಕಲ್’ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮೂರು ಶಿವಮೊಗ್ಗ. ಕೆಲವು ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಈಚೆಗೆ ನಮ್ಮ ಊರಿನ ನೀರು ಸರಬರಾಜು ಕಂಪನಿಯಿಂದ ಒಂದು ಕಾಗದ ಬಂತು. ನಲ್ಲಿ ನೀರಿನಲ್ಲಿ ಪಿಎಫ್‌ಒಎ ಎಂಬ ರಾಸಾಯನಿಕ ಲೀಟರಿಗೆ 21 ನ್ಯಾನೊಗ್ರಾಂ ಇದೆ, ರಾಜ್ಯದ ಮಿತಿ 14 ಎಂದು ಅದರಲ್ಲಿತ್ತು. ಗಾಬರಿಯಾಗಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದೆವು. ಸುಲಭಕ್ಕೆ ನಶಿಸದ ಕಾರಣ ‘ಫಾರೆವರ್ ಕೆಮಿಕಲ್’ ಎನ್ನುವ, ಇದೇ ಗುಂಪಿನ ಪಿಫಾಸ್ ರಾಸಾಯನಿಕಗಳೆಲ್ಲ ಸೇರಿ ರಕ್ತದ ಮಿಲಿಲೀಟರಿಗೆ ನನಗೆ 6, ನಮ್ಮ ಯಜಮಾನರಿಗೆ 14.3 ನ್ಯಾನೊಗ್ರಾಂ ಬಂದಿದೆ. ರಕ್ತದಾನ ಮಾಡಿದರೆ ಇದು ಇಳಿಯುತ್ತದೆ ಎಂದು ಅವರು ಎಲ್ಲೋ ಓದಿ, ಎರಡು ತಿಂಗಳಿಗೊಮ್ಮೆ ಕೊಡುತ್ತೇನೆ ಎಂದು ಹೊರಟಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಮ್ಮ ಮೈಯ ವಿಷವನ್ನು ಆಸ್ಪತ್ರೆಯಲ್ಲಿ ಮಲಗಿರುವ ಯಾರಿಗೋ ದಾಟಿಸಿದಂತೆ ಆಗುವುದಿಲ್ಲವೇ? ಮಗುವಿಗೆ ಎಂಟು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಿದೆ. ಬಿಡಿಸಬೇಕೇ? ಊರಲ್ಲಿ ಅಮ್ಮ ಹಳೆಯ ನಾನ್‌ಸ್ಟಿಕ್ ತವಾದಲ್ಲೇ ದೋಸೆ ಹುಯ್ಯುತ್ತಾರೆ. ಅದನ್ನೂ ಎಸೆಯಲು ಹೇಳಲೇ?

ಉತ್ತರ: ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದನ್ನು ಓದುವಾಗಲೂ ನಿಮ್ಮ ತಲೆಯಲ್ಲಿ ಅದೇ ಕೊರೆಯುತ್ತಿರುತ್ತದೆ. ಎದೆಹಾಲು ಬಿಡಿಸಬೇಡಿ. ಪಿಫಾಸ್ ಹಾಲಿನಲ್ಲಿ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ ಎಂಬುದು ನಿಜ. ಹಾಗಿದ್ದೂ ಎದೆಹಾಲಿನಿಂದ ಮಗುವಿಗೆ ಸಿಗುವ ರಕ್ಷಣೆಯೇ ಹೆಚ್ಚು ಎಂದು ಅಮೆರಿಕದ ಆರೋಗ್ಯ ಸಂಸ್ಥೆಗಳೂ ಹೇಳುತ್ತವೆ, ನಿಮ್ಮ 6ರ ಮಟ್ಟದಲ್ಲಿ ನನಗೂ ಅದರಲ್ಲಿ ಎರಡನೇ ಮಾತಿಲ್ಲ. ಹಾಲು ಬಿಡಿಸಿ, ಅದೇ ನಲ್ಲಿ ನೀರಿನಲ್ಲಿ ಡಬ್ಬಿ ಹಾಲಿನ ಪುಡಿ ಕದಡಿ ಕೊಟ್ಟರೆ ಮಗುವಿಗೆ ಎದೆಹಾಲೂ ಇಲ್ಲ, ಪಿಫಾಸ್ ತಪ್ಪುವುದೂ ಇಲ್ಲ. ಗಂಜಿ, ರಾಗಿ ಸರಿ ಮಾಡುವ ನೀರನ್ನು ಈವತ್ತಿನಿಂದಲೇ ಫಿಲ್ಟರಿನದ್ದು ಬಳಸಿ. ಲಸಿಕೆಗಳನ್ನು ಒಂದು ವಾರವೂ ತಡಮಾಡದೆ ಹಾಕಿಸಿ. ಮೈಯಲ್ಲಿ ಪಿಫಾಸ್ ಹೆಚ್ಚಿರುವ ಮಕ್ಕಳಲ್ಲಿ ಲಸಿಕೆಯ ನಂತರ ಹುಟ್ಟುವ ಪ್ರತಿಕಾಯಗಳು ಕಡಿಮೆ ಎಂದು ಫ್ಯಾರೋ ದ್ವೀಪಗಳ ಮಕ್ಕಳಲ್ಲಿ ನಡೆದ ಅಧ್ಯಯನ ತೋರಿಸಿದೆ. ಆದ್ದರಿಂದ ಒಂದು ಡೋಸ್ ಕೂಡ ತಪ್ಪಬಾರದು.

ಇನ್ನು ಯಜಮಾನರ ರಕ್ತದ ವಿಷಯಕ್ಕೆ ಬರೋಣ. ನಾನು ರಕ್ತನಿಧಿಯಲ್ಲಿ ಕೆಲಸ ಮಾಡುವ ವೈದ್ಯೆ. ನಮ್ಮ ಶಿಬಿರಗಳಲ್ಲಿ ಸೂಜಿ ತೆಗೆದು ಹತ್ತಿ ಒತ್ತುವಾಗ ‘ಡಾಕ್ಟ್ರೇ, ಕೆಟ್ಟ ರಕ್ತ ಎಲ್ಲ ಹೋಯ್ತಾ?’ ಎಂದು ಕೇಳುವವರು ಪ್ರತಿ ಸಲವೂ ಇರುತ್ತಾರೆ. ಕೆಟ್ಟ ರಕ್ತ ಎಂಬುದೊಂದು ಬೇರೆ ಇರುವುದಿಲ್ಲ, ಕೊಟ್ಟದ್ದೂ ಉಳಿದದ್ದೂ ಒಂದೇ ರಕ್ತ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಪಿಫಾಸ್ ವಿಷಯದಲ್ಲಿ ಈ ಪ್ರಶ್ನೆಗೆ ನಿಜವಾದ ವೈಜ್ಞಾನಿಕ ಆಧಾರವೊಂದಿದೆ. ಹಾಗಾಗಿ ನಿಮ್ಮ ಯಜಮಾನರು ಓದಿದ್ದು ಗಾಳಿಸುದ್ದಿಯಲ್ಲ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ಸ್ವಲ್ಪ ಅವಸರದ್ದು.

ಆ ಆಧಾರ ಆಸ್ಟ್ರೇಲಿಯಾದ್ದು. ಅಗ್ನಿಶಾಮಕ ದಳದವರು ಪೆಟ್ರೋಲ್ ಬೆಂಕಿ ಆರಿಸಲು ದಶಕಗಳ ಕಾಲ ಬಳಸಿದ ನೊರೆಯಲ್ಲಿ ಪಿಫಾಸ್ ಗುಂಪಿನ ಇನ್ನೊಂದು ರಾಸಾಯನಿಕವಾದ ಪಿಎಫ್‌ಒಎಸ್ ಇರುತ್ತಿತ್ತು. ವಿಕ್ಟೋರಿಯಾ ರಾಜ್ಯದ 285 ಅಗ್ನಿಶಾಮಕ ಸಿಬ್ಬಂದಿಯನ್ನು ಸಂಶೋಧಕರು ಮೂರು ಗುಂಪು ಮಾಡಿದರು. ಒಂದು ಗುಂಪು 12 ವಾರಕ್ಕೊಮ್ಮೆ ರಕ್ತ ಕೊಟ್ಟಿತು, ಇನ್ನೊಂದು 6 ವಾರಕ್ಕೊಮ್ಮೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಶ ಮಾತ್ರ ಕೊಟ್ಟಿತು, ಮೂರನೆಯದು ಏನೂ ಕೊಡಲಿಲ್ಲ. ಒಂದು ವರ್ಷದ ನಂತರ ನೋಡಿದಾಗ ಪಿಎಫ್‌ಒಎಸ್ ಪ್ರಮಾಣ ಪ್ಲಾಸ್ಮಾ ಕೊಟ್ಟವರಲ್ಲಿ ಮಿಲಿಲೀಟರಿಗೆ 2.9 ನ್ಯಾನೊಗ್ರಾಂ, ರಕ್ತ ಕೊಟ್ಟವರಲ್ಲಿ 1.1 ನ್ಯಾನೊಗ್ರಾಂ ಇಳಿದಿತ್ತು. ಏನೂ ಕೊಡದವರಲ್ಲಿ ಇದ್ದಷ್ಟೇ ಇತ್ತು. 2022ರಲ್ಲಿ ಪ್ರಕಟವಾದ ಈ ಪ್ರಯೋಗ ಚೆನ್ನಾಗಿ ನಡೆದದ್ದು, ಅದರ ಫಲಿತಾಂಶವನ್ನು ನಾನು ನಂಬುತ್ತೇನೆ. ಆದರೆ ಅಲ್ಲಿ ಮುಖ್ಯವಾಗಿ ನೋಡಿದ್ದು ರಕ್ತದಲ್ಲಿನ ಅಂಕಿಯನ್ನು. ಅಂಕಿ ಇಳಿದದ್ದರಿಂದ ಯಾರಿಗೆ ಕಾಯಿಲೆ ತಪ್ಪಿತು ಎಂಬುದಕ್ಕೆ ಆ ಪ್ರಯೋಗದಲ್ಲಿ ಉತ್ತರವಿಲ್ಲ. ಆ ರಕ್ತ ಪಡೆದವರಿಗೆ ಏನಾಯಿತು ಎಂದೂ ಕೇಳಲಿಲ್ಲ.

ರಕ್ತ ಕೊಟ್ಟರೆ ಇಳಿಯುವುದೇಕೆ ಎಂಬುದು ಗೊತ್ತಾದರೆ ಎಷ್ಟು ಇಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಪಿಫಾಸ್ ಎಂಬುದು ಒಂದು ವಸ್ತುವಲ್ಲ, ಸಾವಿರಾರು ರಾಸಾಯನಿಕಗಳ ದೊಡ್ಡ ಕುಟುಂಬ. ಎಲ್ಲದರಲ್ಲೂ ಇರುವುದು ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬಂಧ. ಸಾವಯವ ರಸಾಯನಶಾಸ್ತ್ರದಲ್ಲಿ ಅಷ್ಟು ಗಟ್ಟಿಯಾದ ಬಂಧ ಇನ್ನೊಂದು ಸಿಗುವುದು ಕಷ್ಟ. ಬಿಸಿಲು, ಬ್ಯಾಕ್ಟೀರಿಯಾ, ನಮ್ಮ ಯಕೃತ್ತಿನ ಕಿಣ್ವ, ಯಾವುದೂ ಅದನ್ನು ಮುರಿಯಲಾರದು. ನೀವಿರುವ ನ್ಯೂಜೆರ್ಸಿಯ ಡೀಪ್‌ವಾಟರ್ ಎಂಬಲ್ಲಿನ ಡ್ಯುಪಾಂಟ್ ಪ್ರಯೋಗಾಲಯದಲ್ಲೇ 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಮುಂದೆ ಟೆಫ್ಲಾನ್ ಎಂದು ಹೆಸರಾದ ಬಿಳಿ ಪುಡಿ ಅಕಸ್ಮಾತ್ತಾಗಿ ಸಿಕ್ಕಿದ್ದು. ನೀರೂ ಅಂಟದ, ಎಣ್ಣೆಯೂ ಅಂಟದ ಗುಣದಿಂದಾಗಿ ಈ ಕುಟುಂಬ ಅಡುಗೆಮನೆ, ಮಳೆ ಕೋಟು, ಸೋಫಾ ಬಟ್ಟೆ, ಪಿಜ್ಜಾ ಡಬ್ಬಿ, ಅಗ್ನಿಶಾಮಕ ನೊರೆ ಎಲ್ಲಕ್ಕೂ ಹೊಕ್ಕಿತು.

ಮೈಯೊಳಗೆ ಹೋದ ಮೇಲೆ ಇದು ಕೊಬ್ಬಿನಲ್ಲಿ ಕೂರುವುದಿಲ್ಲ. ರಕ್ತದ ನೀರಿನಂಶದಲ್ಲಿರುವ ಆಲ್ಬ್ಯುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಓಡಾಡುತ್ತದೆ. ಮೂತ್ರದಲ್ಲಿ ಹೊರಹೋಗಬೇಕಾದ್ದನ್ನು ಮೂತ್ರಪಿಂಡ ಮತ್ತೆ ಒಳಕ್ಕೆಳೆದುಕೊಳ್ಳುತ್ತದೆ. ಪಿತ್ತರಸದ ಜೊತೆ ಕರುಳಿಗೆ ಇಳಿದದ್ದು ಕರುಳಿನಿಂದ ಮತ್ತೆ ರಕ್ತಕ್ಕೆ ಬರುತ್ತದೆ. ಹೀಗಾಗಿ ಹೊಸದಾಗಿ ಏನೂ ಒಳಗೆ ಹೋಗದಿದ್ದರೂ ಪಿಎಫ್‌ಒಎ ಅರ್ಧಕ್ಕಿಳಿಯಲು ಸುಮಾರು ಎರಡೂವರೆಯಿಂದ ಮೂರು ವರ್ಷ, ಪಿಎಫ್‌ಒಎಸ್‌ಗೆ ಮೂರರಿಂದ ಐದು ವರ್ಷ, ಅದೇ ಕುಟುಂಬದ ಪಿಎಫ್‌ಎಚ್‌ಎಕ್ಸ್‌ಎಸ್‌ಗೆ ಅದಕ್ಕೂ ಹೆಚ್ಚು ಬೇಕು. ಹೆಂಗಸರಲ್ಲಿ ಸಾಮಾನ್ಯವಾಗಿ ಕಡಿಮೆ ಇರುವುದಕ್ಕೆ ಮುಟ್ಟು, ಬಸಿರು, ಎದೆಹಾಲೂಡಿಸುವುದು ಕಾರಣ. ಒಂದೇ ನಲ್ಲಿಯ ನೀರು ಕುಡಿದರೂ ನಿಮಗೆ 6, ಅವರಿಗೆ 14 ಬಂದದ್ದರಲ್ಲಿ ಇದರದ್ದೂ ಪಾಲಿದೆ.

ನಮ್ಮಲ್ಲಿ ರಕ್ತದ ಬ್ಯಾಗನ್ನು ಸೆಂಟ್ರಿಫ್ಯೂಜಿನಿಂದ ಹೊರತೆಗೆದಾಗ ನೋಡಬೇಕು. ತಳದಲ್ಲಿ ಕಡುಗೆಂಪು ಕಣಗಳು, ನಡುವೆ ತೆಳ್ಳನೆಯ ಬಿಳಿ ಪದರ, ಮೇಲೆ ಹೊಂಬಣ್ಣದ ತಿಳಿ ಪ್ಲಾಸ್ಮಾ. ಪಿಫಾಸ್‌ನ ಹೆಚ್ಚಿನ ಪಾಲು ಇರುವುದು ಆ ಹೊಂಬಣ್ಣದ ಭಾಗದಲ್ಲಿ. 450 ಮಿಲಿಲೀಟರ್ ರಕ್ತದಲ್ಲಿ ಪ್ಲಾಸ್ಮಾ ಬರುವುದು ಸುಮಾರು 250 ಮಿಲಿಲೀಟರ್. ಪ್ಲಾಸ್ಮಾ ಮಾತ್ರ ಕೊಡುವವರಿಂದ ಕೆಂಪುಕಣಗಳನ್ನು ಯಂತ್ರ ವಾಪಸ್ ಮೈಗೆ ಬಿಡುವುದರಿಂದ ಒಂದೇ ಸಲಕ್ಕೆ 800 ಮಿಲಿಲೀಟರ್‌ವರೆಗೂ ತೆಗೆಯಬಹುದು. ಆಸ್ಟ್ರೇಲಿಯಾದಲ್ಲಿ ಪ್ಲಾಸ್ಮಾ ಗುಂಪು ಮುಂದಿದ್ದುದು ಇದಕ್ಕೇ.

ಈಗ ನಿಮ್ಮ ಯಜಮಾನರ ಲೆಕ್ಕ ಹಾಕೋಣ. ಪಿಫಾಸ್ ರಕ್ತದಲ್ಲಷ್ಟೇ ಅಲ್ಲದೆ ಯಕೃತ್ತು, ಮೂತ್ರಪಿಂಡ ಮತ್ತಿತರ ಅಂಗಾಂಶಗಳಲ್ಲೂ ಹರಡಿರುತ್ತದೆ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿರುವುದನ್ನೆಲ್ಲ ಪ್ಲಾಸ್ಮಾದ ಲೆಕ್ಕಕ್ಕೆ ತಂದರೆ ಸುಮಾರು 14 ಲೀಟರ್ ಪ್ಲಾಸ್ಮಾದಲ್ಲಿ ಇರುವಷ್ಟಾಗುತ್ತದೆ. ಅದರಲ್ಲಿ 250 ಮಿಲಿಲೀಟರ್ ಹೋದರೆ ಕಡಿಮೆಯಾಗುವುದು ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಅಮೆರಿಕದ ನಿಯಮದಂತೆ 56 ದಿನಕ್ಕೊಮ್ಮೆ, ವರ್ಷಕ್ಕೆ ಆರು ಸಲ ಕೊಟ್ಟರೂ ನೂರಕ್ಕೆ ಹತ್ತು-ಹನ್ನೆರಡು. 14.3 ಎಂಬುದು 12.7ರ ಆಸುಪಾಸಿಗೆ ಬರಬಹುದು, ಅದೂ ಹೊಸದಾಗಿ ಒಳಬರುವುದು ನಿಂತಿದ್ದರೆ. ನಲ್ಲಿ ನೀರು ಹಾಗೆಯೇ ಮುಂದುವರಿದರೆ ಹಂಡೆಗೆ ಒಂದು ಕಡೆಯಿಂದ ನೀರು ಬೀಳುತ್ತಿರುವಾಗ ಇನ್ನೊಂದು ಕಡೆ ಚೊಂಬಿನಲ್ಲಿ ಮೊಗೆದು ಚೆಲ್ಲಿದಂತೆಯೇ ಆಗುತ್ತದೆ.

ಆದ್ದರಿಂದ ನನ್ನ ಉತ್ತರದ ತಿರುಳು ನೀರಿನಲ್ಲಿದೆ. ಕುಡಿಯುವ ನೀರಿನಲ್ಲಿ ಪಿಎಫ್‌ಒಎ ಎಷ್ಟಿದೆಯೋ, ವರ್ಷಗಟ್ಟಲೆ ಕುಡಿದವರ ರಕ್ತದಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು ಸೇರಿಕೊಳ್ಳುತ್ತದೆ. ಲೀಟರಿಗೆ 21 ನ್ಯಾನೊಗ್ರಾಂ ಇರುವ ನೀರು ಎಂದರೆ ರಕ್ತದಲ್ಲಿ ಮಿಲಿಲೀಟರಿಗೆ ಎರಡಕ್ಕಿಂತ ಹೆಚ್ಚು ನ್ಯಾನೊಗ್ರಾಂ. ಆ ಎರಡರ ಜೊತೆ ಊಟ, ಧೂಳು, ಬಟ್ಟೆಯಿಂದ ಬಂದದ್ದು ಬೇರೆ. ಅಮೆರಿಕದ ಓಹಾಯೊ ನದಿಯ ದಂಡೆಯಲ್ಲಿ ಟೆಫ್ಲಾನ್ ಕಾರ್ಖಾನೆಯಿಂದ ನೀರು ಕೆಟ್ಟಿದ್ದ ಲಿಟ್ಲ್ ಹಾಕಿಂಗ್ ಎಂಬ ಊರಿನಲ್ಲಿ ಜನರ ರಕ್ತದಲ್ಲಿ ಪಿಎಫ್‌ಒಎ ನೂರಾರು ನ್ಯಾನೊಗ್ರಾಂ ಇತ್ತು. ಆ ಪ್ರದೇಶದಲ್ಲಿ ನೀರಿಗೆ ಇದ್ದಿಲಿನ ಫಿಲ್ಟರ್ ಹಾಕಿದ ಮೇಲೆ ಒಂದೇ ವರ್ಷದಲ್ಲಿ ಜನರ ರಕ್ತದಲ್ಲಿ ಅದು ನೂರಕ್ಕೆ 26ರಷ್ಟು ಇಳಿಯಿತು, ಯಾರಿಗೂ ಸೂಜಿ ಚುಚ್ಚದೆ. ಇಡೀ ಅಮೆರಿಕದ ಲೆಕ್ಕ ಇನ್ನೂ ದೊಡ್ಡದು. 1999-2000ರಲ್ಲಿ ಅಲ್ಲಿನ ಜನರ ರಕ್ತದಲ್ಲಿ ಪಿಎಫ್‌ಒಎಸ್ ಸರಾಸರಿ 30 ನ್ಯಾನೊಗ್ರಾಂ. 2017-18ಕ್ಕೆ ಅದು 4.25ಕ್ಕೆ ಬಂತು. ನಡುವೆ ಆದದ್ದಿಷ್ಟು: 2000ದಲ್ಲಿ 3ಎಂ ಕಂಪನಿ ಅದರ ತಯಾರಿಕೆಯನ್ನು ನಿಲ್ಲಿಸುವುದಾಗಿ ಹೇಳಿ, ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು.

ನಿಮ್ಮ ಮನೆಗೆ ಅಡುಗೆಮನೆಯ ಸಿಂಕಿನ ಕೆಳಗೆ ಕೂರಿಸುವ ಆರ್‌ಒ ಫಿಲ್ಟರ್ ಒಳ್ಳೆಯದು. ಪಿಫಾಸ್ ತೆಗೆಯುತ್ತದೆ ಎಂದು ಎನ್‌ಎಸ್‌ಎಫ್ 58 ಅಥವಾ 53 ಪ್ರಮಾಣಪತ್ರ ಇರುವುದನ್ನೇ ನೋಡಿ ಕೊಳ್ಳಿ. ಇದ್ದಿಲಿನ ಫಿಲ್ಟರೂ ಕೆಲಸ ಮಾಡುತ್ತದೆ, ಆದರೆ ಕಾರ್ಟ್ರಿಜ್ ಬದಲಿಸುವ ದಿನ ದಾಟಿದರೆ ಅದು ಹಿಡಿದಿಟ್ಟುಕೊಂಡದ್ದನ್ನೇ ಮತ್ತೆ ನೀರಿಗೆ ಬಿಡಬಹುದು. ಕುದಿಸಿದರೆ ಪಿಫಾಸ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚೇ ಆಗುತ್ತದೆ. ಯುವಿ ದೀಪದಿಂದಲೂ ಪ್ರಯೋಜನವಿಲ್ಲ. ಸ್ನಾನ, ಬಟ್ಟೆ ಒಗೆಯುವುದಕ್ಕೆಲ್ಲ ಫಿಲ್ಟರ್ ಬೇಕೇ ಎಂದರೆ ಬೇಡ. ಚರ್ಮದ ಮೂಲಕ ಸೇರುವುದು ಕುಡಿದು ಸೇರುವುದಕ್ಕೆ ಹೋಲಿಸಿದರೆ ಅತ್ಯಲ್ಪ. ಕುಡಿಯಲು, ಅನ್ನ-ಸಾರಿಗೆ, ಕಾಫಿಗೆ, ಮಗುವಿನ ಊಟಕ್ಕೆ ಫಿಲ್ಟರ್ ನೀರು ಬಳಸಿದರೆ ನಿಮ್ಮ ಕೈಯಲ್ಲಾಗುವ ದೊಡ್ಡ ಕೆಲಸ ಮುಗಿದಂತೆ. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಪಿಎಫ್‌ಒಎ ಮತ್ತು ಪಿಎಫ್‌ಒಎಸ್ ಎರಡಕ್ಕೂ ಲೀಟರಿಗೆ 4 ನ್ಯಾನೊಗ್ರಾಂ ಮಿತಿ ಹಾಕಿದೆ. ಆದರೆ ಅದನ್ನು ಪಾಲಿಸಲು ನೀರಿನ ಕಂಪನಿಗಳಿಗೆ ಹಲವು ವರ್ಷ ಕೊಟ್ಟಿದೆ. ಅಲ್ಲಿಯವರೆಗೆ ಕಾಯಬೇಡಿ.

ಇನ್ನು ನಿಮ್ಮ ಮನಸ್ಸಿಗೆ ಒಪ್ಪದ ಪ್ರಶ್ನೆ, ಅಂದರೆ ರಕ್ತ ಪಡೆಯುವವರ ಗತಿ. ಇದನ್ನು ಕೇಳಿದ್ದಕ್ಕೆ ನಿಮ್ಮ ಮೇಲೆ ನನಗೆ ಗೌರವ ಬಂತು. ರಕ್ತದಿಂದ ಪಿಫಾಸ್ ಇಳಿಸುವ ಮಾತು ಬಂದಾಗಲೆಲ್ಲ ಜನ ಕೇಳುವುದು ಕೊಡುವವರಿಗೆ ಎಷ್ಟು ಲಾಭ ಎಂದೇ. ತೆಗೆದುಕೊಳ್ಳುವವರ ಕಡೆಯಿಂದ ಕೇಳುವವರು ಕಡಿಮೆ.

ಜಗತ್ತಿನಲ್ಲಿ ಪಿಫಾಸ್ ಇಲ್ಲದ ರಕ್ತ ಸಿಗುವುದು ಬಹುತೇಕ ಅಸಾಧ್ಯ. ರಕ್ತ ಪಡೆಯುವ ರೋಗಿಯ ಮೈಯಲ್ಲೂ ಅದು ಮೊದಲೇ ಇರುತ್ತದೆ. ಯಜಮಾನರ ರಕ್ತದ ಪೂರ್ತಿ ಪ್ಲಾಸ್ಮಾ, ಅಂದರೆ 250 ಮಿಲಿಲೀಟರ್, ಒಬ್ಬ ವಯಸ್ಕ ರೋಗಿಗೆ ಹೋಯಿತು ಎಂದಿಟ್ಟುಕೊಳ್ಳಿ. ಅದರಲ್ಲಿರುವುದು ಸುಮಾರು ಮೂರೂವರೆ ಮೈಕ್ರೊಗ್ರಾಂ. ಮೇಲಿನ ಲೆಕ್ಕದಲ್ಲೇ ಹಂಚಿದರೆ ರೋಗಿಯ ರಕ್ತದಲ್ಲಿ ಏರುವುದು ಮಿಲಿಲೀಟರಿಗೆ ಕಾಲು ನ್ಯಾನೊಗ್ರಾಂ. ಆದರೆ ಇವತ್ತು ಬಹುಪಾಲು ರೋಗಿಗಳಿಗೆ ಕೊಡುವುದು ಕೆಂಪುಕಣಗಳ ಬ್ಯಾಗು. ಅದರಲ್ಲಿ ಪ್ಲಾಸ್ಮಾ ಉಳಿದಿರುವುದು ತೀರ ಸ್ವಲ್ಪ, ಹಾಗಾಗಿ ಏರಿಕೆ ಕಾಲು ನ್ಯಾನೊಗ್ರಾಂಗಿಂತಲೂ ಎಷ್ಟೋ ಪಾಲು ಕಡಿಮೆ. ಹೆರಿಗೆಯಲ್ಲಿ ರಕ್ತಸ್ರಾವವಾಗಿ ಹಿಮೋಗ್ಲೋಬಿನ್ 5ಕ್ಕೆ ಇಳಿದ ತಾಯಿಯ ಮುಂದೆ ಈ ಅಂಶಕ್ಕೆ ತೂಕವೇ ಇಲ್ಲ. ಆಕೆಗೆ ಆ ಗಳಿಗೆಯಲ್ಲಿ ರಕ್ತ ಸಿಗದಿರುವುದೇ ದೊಡ್ಡ ಅಪಾಯ.

ಹಾಗೆಂದು ಎಲ್ಲ ರೋಗಿಗಳಿಗೂ ಇದೇ ಮಾತು ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ದಿನ ತುಂಬದೆ ಹುಟ್ಟಿದ ಒಂದು ಕಿಲೋ ತೂಕದ ಕೂಸಿಗೆ ಅದೇ ಹನಿ ದೊಡ್ಡದು. ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸೀಮಿಯಾ ಮಕ್ಕಳಿಗೆ ವರ್ಷಗಟ್ಟಲೆ ಬೇರೆಯವರ ರಕ್ತ ಹೋಗುತ್ತಲೇ ಇರುತ್ತದೆ. ರಕ್ತನಿಧಿಗಳು ಪಿಫಾಸ್ ಪರೀಕ್ಷೆ ಮಾಡುವುದಿಲ್ಲ. ನಮ್ಮಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದು ಕಡ್ಡಾಯ. ಪಿಫಾಸ್ ಇದ್ದ ಮಾತ್ರಕ್ಕೆ ದಾನಿಯನ್ನು ವಾಪಸ್ ಕಳಿಸುವ ನಿಯಮ ಭಾರತದಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಪ್ರಮಾಣ ತುಂಬ ಹೆಚ್ಚಿರುವವರ, ಉದಾಹರಣೆಗೆ ಕೆಟ್ಟ ನೀರಿನ ಊರುಗಳವರ ಅಥವಾ ನೊರೆಯಲ್ಲಿ ವರ್ಷಗಟ್ಟಲೆ ದುಡಿದವರ ರಕ್ತ ತೆಗೆಯುವುದಾದರೆ ಅದನ್ನು ರೋಗಿಗೆ ಕೊಡದೆ ನಾಶ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೈಯಲ್ಲಿ ಕೆಂಪುಕಣ ಅತಿಯಾಗುವ ಪಾಲಿಸೈಥೀಮಿಯಾ ಕಾಯಿಲೆಗೆ ರಕ್ತ ತೆಗೆದಾಗ ನಾವು ಆ ಬ್ಯಾಗನ್ನು ಎಸೆಯುತ್ತೇವೆ. ಬ್ರಿಟನ್ ಬಳಿಯ ಜೆರ್ಸಿ ದ್ವೀಪದಲ್ಲಿ ವಿಮಾನ ನಿಲ್ದಾಣದ ನೊರೆಯಿಂದ ನೀರು ಕೆಟ್ಟ ಊರಿನವರಿಗೆ ಅಲ್ಲಿನ ಸರ್ಕಾರ ರಕ್ತ ತೆಗೆಸಿಕೊಳ್ಳುವ ಅವಕಾಶ ಕೊಟ್ಟಿರುವುದು ಚಿಕಿತ್ಸೆಯಾಗಿಯೇ, ದಾನವಾಗಿ ಅಲ್ಲ.

ನಿಮ್ಮ ಯಜಮಾನರು ಆ ಗುಂಪಿನವರಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2022ರಲ್ಲಿ ವೈದ್ಯರಿಗೆ ಕೊಟ್ಟ ಮಾರ್ಗಸೂಚಿ ಹೀಗಿದೆ: ಒಟ್ಟು ಪಿಫಾಸ್ 2ಕ್ಕಿಂತ ಕಡಿಮೆ ಇದ್ದರೆ ಆರೋಗ್ಯಕ್ಕೆ ತೊಂದರೆ ನಿರೀಕ್ಷಿಸುವಂತಿಲ್ಲ. 2ರಿಂದ 20ರೊಳಗಿದ್ದರೆ, ಮುಖ್ಯವಾಗಿ ಗರ್ಭಿಣಿಯರಂಥ ಸೂಕ್ಷ್ಮ ಸ್ಥಿತಿಯವರಲ್ಲಿ, ತೊಂದರೆಯ ಸಾಧ್ಯತೆ ಇದೆ. 20 ದಾಟಿದರೆ ಅಪಾಯ ಹೆಚ್ಚುತ್ತದೆ. ಓಹಾಯೊ ನದಿ ಪ್ರದೇಶದ ಸುಮಾರು 69,000 ಜನರ ರಕ್ತ, ಆರೋಗ್ಯ ನೋಡಿದ ವಿಜ್ಞಾನಿಗಳ ಸಮಿತಿ ಪಿಎಫ್‌ಒಎಗೂ ಆರು ತೊಂದರೆಗಳಿಗೂ ನಂಟಿರುವುದು ಸಂಭವನೀಯ ಎಂದಿತು: ಹೆಚ್ಚಿದ ಕೊಲೆಸ್ಟ್ರಾಲ್, ಥೈರಾಯ್ಡ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ), ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಬಸಿರಿನಲ್ಲಿ ಬರುವ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರ ಕೊನೆಯಲ್ಲಿ ಪಿಎಫ್‌ಒಎಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಇದರರ್ಥ ಅದು ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಪುರಾವೆ ಬಲವಾಗಿದೆ ಎಂದು. ನಿಮಗೆ ಬಂದೇಬರುತ್ತದೆ ಎಂದಲ್ಲ. 14ರ ಮಟ್ಟದಲ್ಲಿ ನಿಮ್ಮ ಯಜಮಾನರು ಮಾಡಿಸಬೇಕಾದದ್ದು ಕೊಲೆಸ್ಟ್ರಾಲ್ ಪರೀಕ್ಷೆ. ಇನ್ನೊಂದು ಮಗುವಿನ ಯೋಚನೆ ಇದ್ದರೆ ನೀವು ಬಸಿರಿನಲ್ಲಿ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು.

ಔಷಧಿ ಇದೆಯೇ ಎಂದು ಮುಂದೆ ನೀವು ಕೇಳಬಹುದು. ಕೊಲೆಸ್ಟೈರಮಿನ್ ಎಂಬ ಹಳೆಯ ಕೊಲೆಸ್ಟ್ರಾಲ್ ಪುಡಿ ಕರುಳಿನಲ್ಲಿ ಪಿತ್ತದ ಜೊತೆ ಬಂದ ಪಿಫಾಸನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಡೆನ್ಮಾರ್ಕಿನ ಕೊರ್ಸರ್ ಎಂಬ ಊರಿನಲ್ಲಿ, ಅಗ್ನಿಶಾಮಕ ತರಬೇತಿ ಮೈದಾನದ ಪಕ್ಕ ಮೇಯ್ದ ದನಗಳ ಮಾಂಸ ತಿಂದು ಪ್ರಮಾಣ ಏರಿದ್ದವರಲ್ಲಿ, 12 ವಾರದಲ್ಲಿ ಪಿಎಫ್‌ಒಎಸ್ ನೂರಕ್ಕೆ ಅರವತ್ತರಷ್ಟು ಇಳಿಯಿತು. ರಕ್ತ ಕೊಡುವುದಕ್ಕಿಂತ ಇದು ಎಷ್ಟೋ ಪರಿಣಾಮಕಾರಿ. ಆದರೆ ಮಲಬದ್ಧತೆ, ಹೊಟ್ಟೆ ಉಬ್ಬರ ತರುತ್ತದೆ, ಥೈರಾಯ್ಡ್ ಮಾತ್ರೆ ಮತ್ತು ಕೆಲವು ಜೀವಸತ್ವಗಳು ಮೈಗೆ ಹತ್ತದಂತೆ ಮಾಡುತ್ತದೆ. ತುಂಬ ಹೆಚ್ಚು ಪ್ರಮಾಣ ಇರುವವರಿಗೆ, ವೈದ್ಯರ ಕಣ್ಣೆದುರು ಕೊಡುವ ಔಷಧಿ ಇದು. 14ಕ್ಕೆ ನಾನು ಬರೆದುಕೊಡುವುದಿಲ್ಲ.

ನಿಂಬೆರಸ-ಜೇನು, ಅರಿಸಿನದ ಕಷಾಯ, ಬೆವರಿಳಿಸುವುದು, ಡಿಟಾಕ್ಸ್ ಪುಡಿಗಳಿಂದ ಪಿಫಾಸ್ ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಯುರ್ವೇದದ ರಕ್ತಮೋಕ್ಷಣವನ್ನು ಈ ಆಸ್ಟ್ರೇಲಿಯಾ ಪ್ರಯೋಗದೊಂದಿಗೆ ಜೋಡಿಸಿ ಹೇಳುವವರೂ ಇದ್ದಾರೆ. ಜಿಗಣೆ ಹೀರುವ ಕೆಲವು ಮಿಲಿಲೀಟರ್ ರಕ್ತವನ್ನು ಮೇಲಿನ 14 ಲೀಟರಿನ ಲೆಕ್ಕಕ್ಕೆ ಇಟ್ಟು ನೋಡಿದರೆ ಸಾಕು, ವ್ಯತ್ಯಾಸ ನಿಮಗೇ ಕಾಣುತ್ತದೆ.

ಅಮ್ಮನ ತವಾದ ವಿಷಯದಲ್ಲಿ ಭಯಕ್ಕಿಂತ ವಿವೇಚನೆ ಸಾಕು. ಲೇಪನವಾದ ಟೆಫ್ಲಾನ್ ಜಡ ವಸ್ತು. ಗೀಚಿದ ಚೂರು ದೋಸೆಯ ಜೊತೆ ಹೊಟ್ಟೆಗೆ ಹೋದರೂ ಹಾಗೆಯೇ ಹೊರಗೆ ಬರುತ್ತದೆ. ಹಿಂದೆ ತೊಂದರೆ ಇದ್ದದ್ದು ಅದನ್ನು ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಒಎಯದು, ಅದರ ಹೊರೆ ಹೊತ್ತವರು ಕಾರ್ಖಾನೆಯ ಸುತ್ತಲಿನವರು. ಅಡುಗೆಮನೆಯಲ್ಲಿ ನಿಜವಾದ ಅಪಾಯ ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಮರೆತುಬಿಡುವುದು. ಸುಮಾರು 260 ಡಿಗ್ರಿ ದಾಟಿದರೆ ಲೇಪನ ಒಡೆಯಲು ಶುರುವಾಗಿ ಹೊಗೆ ಬಿಡುತ್ತದೆ, ಇನ್ನೂ ಕಾದರೆ ಆ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿಗಳು ಸತ್ತದ್ದಿದೆ, ಮನುಷ್ಯರಿಗೆ ಜ್ವರ ಬಂದದ್ದಿದೆ. ದೋಸೆ ಹೆಂಚು ಚೆನ್ನಾಗಿ ಕಾಯಬೇಕೆಂದು ಕೆಲವರು ಉರಿ ಏರಿಸಿ ಬಿಡುತ್ತಾರೆ, ನಾನ್‌ಸ್ಟಿಕ್‌ನಲ್ಲಿ ಅದು ಬೇಡ. ತವಾ ಅಷ್ಟು ಹಳೆಯದಾಗಿ ಲೇಪನ ಎದ್ದಿದ್ದರೆ ಅದು ಹೇಗೂ ದೋಸೆ ಬಿಡುವುದಿಲ್ಲ. ಅಮ್ಮನಿಗೆ ಒಂದು ಬೀಡು ಕಬ್ಬಿಣದ ಕಾವಲಿ ಕೊಡಿಸಿ. ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ ಪಳಗಿಸುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಜೊತೆಗೆ ಕಬ್ಬಿಣದ ಅಂಶವೂ ಒಂದಿಷ್ಟು ಊಟಕ್ಕೆ ಸೇರುತ್ತದೆ. ಡಬ್ಬಿಯ ಮೇಲೆ ‘ಪಿಎಫ್‌ಒಎ ರಹಿತ’ ಎಂದು ಬರೆದದ್ದು ಸುಳ್ಳಲ್ಲ, ಆದರೆ ಪಿಫಾಸ್ ರಹಿತ ಎಂದು ಅದರರ್ಥವಲ್ಲ. ಮೈಕ್ರೊವೇವ್ ಪಾಪ್‌ಕಾರ್ನ್ ಚೀಲ, ಎಣ್ಣೆ ಜಿನುಗದ ಪೊಟ್ಟಣ, ಕಲೆ ಹಿಡಿಯದ ಸೋಫಾ ಬಟ್ಟೆ, ನೀರು ಹಿಡಿಯದ ಮಸ್ಕಾರಾ ಇವುಗಳನ್ನು ಹೊಸದಾಗಿ ಕೊಳ್ಳುವಾಗ ಬಿಟ್ಟರೆ ಸಾಕು. ಮನೆಯಲ್ಲಿರುವುದನ್ನೆಲ್ಲ ಒಂದೇ ದಿನ ಎಸೆಯಬೇಕಿಲ್ಲ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ ತಪ್ಪಿಸಬೇಡಿ.

ಊರಿನವರು ನಿಮ್ಮ ಸುದ್ದಿ ಕೇಳಿ ಆರ್‌ಒ ಅಂಗಡಿಗೆ ಓಡುವ ಮುನ್ನ ಒಂದು ಮಾತು ಹೇಳಿ. ಮನೆಗೆ ಬಂದು ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ ತೋರಿಸುವವರ ಅಂಕಿ ನೀರಿನ ಲವಣದ್ದು, ಲೀಟರಿಗೆ ಮಿಲಿಗ್ರಾಂ ಲೆಕ್ಕದ್ದು. ಪಿಫಾಸ್ ಅದಕ್ಕಿಂತ ಹತ್ತು ಲಕ್ಷ ಪಟ್ಟು ಸಣ್ಣ ಅಳತೆಯದು, ಆ ಮೀಟರಿಗೆ ಅದು ಕಾಣುವುದೇ ಇಲ್ಲ. 2004ರಲ್ಲಿ ಹಲವು ದೇಶಗಳ ಜನರ ರಕ್ತ ಹೋಲಿಸಿದ ಅಧ್ಯಯನದಲ್ಲಿ ಪಿಎಫ್‌ಒಎಸ್ ಅತಿ ಕಡಿಮೆ ಇದ್ದದ್ದು ಭಾರತದ ಮಾದರಿಗಳಲ್ಲಿ, 3 ನ್ಯಾನೊಗ್ರಾಂಗಿಂತ ಕೆಳಗೆ. ಆ ನೆಮ್ಮದಿ ಉಳಿಯಬೇಕಾದರೆ ಸರ್ಕಾರ ಈಗಲೇ ಎಚ್ಚರವಾಗಬೇಕು. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಪಿಫಾಸ್‌ಗೆ ಮಿತಿ ಇಲ್ಲ. ಇಟಲಿಯ ವಿಚೆಂಜಾ ಪ್ರಾಂತ್ಯದಲ್ಲಿ ಲಕ್ಷಾಂತರ ಜನರ ನೀರು ಕೆಡಿಸಿ 2018ರಲ್ಲಿ ಮುಚ್ಚಿದ ಕಾರ್ಖಾನೆಯ ಯಂತ್ರಗಳು ಹರಾಜಾಗಿ ಬಂದು ಕೂತಿರುವುದು ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಲೋಟೆಯಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಮಗ್ಗುಲಲ್ಲಿ. ಅಲ್ಲಿನ ನದಿ, ಬಾವಿಗಳ ನೀರನ್ನು ಪಿಫಾಸ್‌ಗಾಗಿ ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ರಕ್ತ ತೆಗೆದು ಇಳಿಸುವ ಪರಿಸ್ಥಿತಿ ನಮ್ಮ ಕರಾವಳಿಗೆ ಬರಬಾರದು.

ಹಾಗಾದರೆ ಯಜಮಾನರು ರಕ್ತ ಕೊಡಬೇಕೇ ಬೇಡವೇ? ಕೊಡಲಿ, ರೋಗಿಗೆ ಬೇಕು ಎಂಬ ಕಾರಣಕ್ಕೆ ಕೊಡಲಿ. 14.3ರಲ್ಲಿ ಅವರ ರಕ್ತ ಕೊಡಲು ಅಡ್ಡಿಯಿಲ್ಲ. ಆದರೆ ಎರಡು ತಿಂಗಳಿಗೊಮ್ಮೆ ಎಂಬ ಹಟ ಬೇಡ. ಒಂದು ಸಲ ರಕ್ತ ಕೊಟ್ಟರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ, ಸಸ್ಯಾಹಾರಿಗಳಿಗೆ ಅದು ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಭಾರತದಲ್ಲಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರುವುದು ಸುಮ್ಮನೆ ಅಲ್ಲ. ಅಮೆರಿಕದಲ್ಲಿದ್ದರೂ ಅವರು ನಮ್ಮ 90 ದಿನವನ್ನೇ ಪಾಲಿಸಲಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಲಿ. ಪ್ಲಾಸ್ಮಾ ಕೊಟ್ಟರೆ ಕಬ್ಬಿಣದ ನಷ್ಟ ಕಡಿಮೆ, ಪಿಫಾಸ್ ಇಳಿಕೆ ಹೆಚ್ಚು. ಆದರೆ ಹಣ ಕೊಟ್ಟು ವಾರಕ್ಕೆ ಎರಡು ಸಲ ಪ್ಲಾಸ್ಮಾ ತೆಗೆಯುವ ಅಲ್ಲಿನ ಕೇಂದ್ರಗಳಿಗೆ ಇದಕ್ಕಾಗಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಪದೇ ಪದೇ ತೆಗೆದರೆ ಮೈಯ ಪ್ರೋಟೀನ್, ಪ್ರತಿಕಾಯಗಳೂ ಇಳಿಯುತ್ತವೆ. ಮಗುವಿಗೆ ಹಾಲೂಡಿಸುತ್ತಿರುವ ನೀವು ಸದ್ಯಕ್ಕೆ ಯಾವುದನ್ನೂ ಕೊಡಬೇಡಿ. ನಮ್ಮ ನಿಯಮದಲ್ಲಂತೂ ಹಾಲೂಡಿಸುವ ತಾಯಂದಿರಿಂದ ರಕ್ತ ತೆಗೆಯುವುದೇ ಇಲ್ಲ.

ಊರಿಗೆ ಬರುವ ಯೋಚನೆ ಇದ್ದರೆ ಇದನ್ನೂ ನೆನಪಿಡಿ: ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿಬಂದವರನ್ನು ಅಮೆರಿಕದ ರಕ್ತನಿಧಿಗಳು ಸಾಮಾನ್ಯವಾಗಿ 3 ತಿಂಗಳು ಕಾಯಿಸುತ್ತವೆ. ಮಂಗಳೂರು ಕಡೆ ನೆಂಟರ ಮನೆಗೆ ಹೋಗಿದ್ದರೂ ನಮೂನೆಯಲ್ಲಿ ಮರೆಮಾಚದೆ ಬರೆಯಲಿ.

ರಕ್ತದ ಪಿಫಾಸ್ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಹಣ ಕಳೆಯಬೇಡಿ. ಫಿಲ್ಟರ್ ಹಾಕಿಸಿದ ದಿನವನ್ನು ಅದರ ಮೇಲೆಯೇ ಬರೆದಿಡಿ, ಕಾರ್ಟ್ರಿಜ್ ಬದಲಿಸುವ ದಿನವನ್ನೂ ಬರೆಯಿರಿ. ಎರಡು ವರ್ಷ ಬಿಟ್ಟು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ, ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಪಿಎಫ್‌ಒಎ ಅಷ್ಟರಲ್ಲಿ ಗಮನಾರ್ಹವಾಗಿ ಇಳಿದಿರಬೇಕು. ಇಳಿಯದಿದ್ದರೆ ನೀರಲ್ಲದೆ ಇನ್ನಾವುದೋ ದಾರಿಯಿಂದ ಒಳಬರುತ್ತಿದೆ ಎಂದರ್ಥ. ಆಗ ಯಜಮಾನರ ಕೆಲಸದ ಜಾಗ, ಊರಿನ ಕೆರೆ-ನದಿಯ ಮೀನು ತಿನ್ನುವುದಿದೆಯೇ, ಮನೆಯ ಕಾರ್ಪೆಟ್ ಎಷ್ಟು ಹಳೆಯದು ಎಂಬುದನ್ನೆಲ್ಲ ಬರೆದು ಕಳಿಸಿ, ಒಟ್ಟಿಗೆ ಹುಡುಕೋಣ.